ಡೆಂಗಿ ಜ್ವರ: ಶುಕ್ರವಾರದ ಶುಚಿತ್ವ ಮನೆಯಂಗಳಕ್ಕೂ ತಲುಪಲಿ

 



ಮಳೆ ಹಿಡಿದು ಕೆಲವು ವಾರಗಳಾದ ಮೇಲೆ ನಮ್ಮ ಮಹಲ್ಲುಗಳಲ್ಲಿ ಕೇಳಿಬರುವ ಮಾತು ಒಂದೇ: "ಆ ಮನೆಯಲ್ಲಿ ಜ್ವರ, ಈ ಮನೆಯಲ್ಲಿ ಜ್ವರ." ಜುಮುಅ ನಮಾಝಿನ ಬಳಿಕ ದುಆ ಮಾಡಲು ಬರುವ ಚೀಟಿಗಳಲ್ಲಿ ಅರ್ಧದಷ್ಟು ಜ್ವರದ ರೋಗಿಗಳ ಹೆಸರುಗಳೇ ಇರುತ್ತವೆ. ದುಆ ಮಾಡುವುದು ನಮ್ಮ ಕರ್ತವ್ಯ, ಮಾಡುತ್ತೇವೆ. ಆದರೆ ಆ ಜ್ವರ ಎಲ್ಲಿಂದ ಬಂತು, ಯಾವಾಗ ಅದು ಪ್ರಾಣಕ್ಕೆ ಎರವಾಗುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ತಿಳಿದುಕೊಳ್ಳುವುದೂ ಕರ್ತವ್ಯವೇ. ಒಂದು ಜೀವವನ್ನು ಉಳಿಸುವುದು ಇಡೀ ಮಾನವ ಕುಲವನ್ನು ಉಳಿಸಿದ್ದಕ್ಕೆ ಸಮಾನವೆಂದು ಕಲಿಸಿದ ಧರ್ಮದ ಅನುಯಾಯಿಗಳು ನಾವು. ಆದ್ದರಿಂದ ಈ ಬಾರಿಯ ಖುತ್ಬಾದಲ್ಲಿ ಡೆಂಗಿಯ ವಿಷಯವನ್ನೇ ಆಯ್ದುಕೊಂಡೆವು. ಅದರ ಸಾರಾಂಶ ಇಲ್ಲಿದೆ.

ರೋಗ ಯಾವುದು, ಹರಡುವುದು ಹೇಗೆ?

ಡೆಂಗಿ ಒಂದು ವೈರಸ್ ರೋಗ. ಈ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯಿಂದ ಜ್ವರ ಬಂದು ಗುಣವಾದರೆ ಆ ಬಗೆಯ ವಿರುದ್ಧ ಮಾತ್ರ ದೇಹಕ್ಕೆ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಉಳಿದ ಮೂರರ ವಿರುದ್ಧ ಸಿಗುವುದಿಲ್ಲ. ಅಷ್ಟೇ ಅಲ್ಲ, ಎರಡನೇ ಸಲ ಬೇರೆ ಬಗೆಯ ವೈರಸ್ ತಗಲಿದಾಗ ರೋಗವು ಮೊದಲಿಗಿಂತ ಗಂಭೀರವಾಗುವ ಸಾಧ್ಯತೆ ಹೆಚ್ಚು. "ನನಗೆ ಒಮ್ಮೆ ಬಂದು ಹೋಗಿದೆ, ಇನ್ನು ಭಯವಿಲ್ಲ" ಎಂದು ಹೇಳುವವರು ಇದನ್ನು ಗಮನಿಸಬೇಕು. ಒಮ್ಮೆ ಬಂದವರೇ ಹೆಚ್ಚು ಎಚ್ಚರವಾಗಿರಬೇಕು.

ರೋಗಿಯನ್ನು ಮುಟ್ಟುವುದರಿಂದಾಗಲಿ, ಅವರ ಪಕ್ಕದಲ್ಲಿ ಕುಳಿತುಕೊಳ್ಳುವುದರಿಂದಾಗಲಿ, ಅವರ ತಟ್ಟೆಯಲ್ಲಿ ಉಣ್ಣುವುದರಿಂದಾಗಲಿ ಡೆಂಗಿ ಹರಡುವುದಿಲ್ಲ. ಅದನ್ನು ಹೊತ್ತು ತರುವುದು ಈಡಿಸ್ ಎಂಬ ಸೊಳ್ಳೆ. ಕಪ್ಪು ಮೈ, ಕಾಲುಗಳಲ್ಲಿ ಬಿಳಿ ಪಟ್ಟೆ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆ ಬೆಳೆಯಲು ಅದಕ್ಕೆ ರಕ್ತ ಬೇಕು. ಜ್ವರವಿರುವ ಒಬ್ಬರನ್ನು ಕಚ್ಚಿದ ಸೊಳ್ಳೆಯ ದೇಹದೊಳಗೆ ವೈರಸ್ ಬೆಳೆಯಲು ಸುಮಾರು 8ರಿಂದ 12 ದಿನ ಹಿಡಿಯುತ್ತದೆ. ಆಮೇಲೆ ಅದು ಬದುಕಿರುವಷ್ಟು ದಿನವೂ ಕಚ್ಚಿದವರಿಗೆಲ್ಲ ರೋಗ ಹರಡಬಲ್ಲದು. ಕಚ್ಚಿಸಿಕೊಂಡವರಿಗೆ 4ರಿಂದ 10 ದಿನಗಳಲ್ಲಿ ಜ್ವರ ಶುರುವಾಗುತ್ತದೆ.

ಪವಿತ್ರ ಕುರ್‌ಆನ್ ಅಲ್ಬಕರ ಅಧ್ಯಾಯದಲ್ಲಿ ಸೊಳ್ಳೆಯ ಉದಾಹರಣೆಯನ್ನು ಪ್ರಸ್ತಾಪಿಸುತ್ತದೆ. ಅಷ್ಟು ಚಿಕ್ಕ ಜೀವಿಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವವರಿಗೆ ಅಲ್ಲಿ ಪಾಠವಿದೆ. 1963ರಲ್ಲಿ ಕಲ್ಕತ್ತದಲ್ಲಿ, 1996ರಲ್ಲಿ ದಿಲ್ಲಿಯಲ್ಲಿ ಈ ರೋಗ ದೊಡ್ಡ ಪ್ರಮಾಣದಲ್ಲಿ ಹಬ್ಬಿತು. ದಿಲ್ಲಿಯಲ್ಲಿ ಆ ವರ್ಷ ಸತ್ತವರ ಸಂಖ್ಯೆ ನಾನೂರನ್ನು ಮೀರಿತು. ನಮ್ಮ ಕರ್ನಾಟಕದಲ್ಲಿ 2024ರಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಡೆಂಗಿ ದೃಢಪಟ್ಟು, ಸೆಪ್ಟೆಂಬರ್ ತಿಂಗಳಲ್ಲಿ ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು.

ಇದು ಚರಂಡಿಯ ಸೊಳ್ಳೆಯಲ್ಲ

ಸೊಳ್ಳೆ ಎಂದರೆ ನಮಗೆ ನೆನಪಾಗುವುದು ಚರಂಡಿ, ಕೊಳಚೆ. "ನಮ್ಮ ಮನೆ ಸ್ವಚ್ಛವಾಗಿದೆ, ಚರಂಡಿ ದೂರವಿದೆ" ಎಂದು ನಾವು ನಿಶ್ಚಿಂತರಾಗುತ್ತೇವೆ. ಈಡಿಸ್ ಸೊಳ್ಳೆಯ ಸ್ವಭಾವ ಬೇರೆ. ಅದಕ್ಕೆ ಬೇಕಾದದ್ದು ಅಲುಗಾಡದೆ ನಿಂತ ತಿಳಿ ನೀರು. ನಾವು ಕುಡಿಯಲು, ಸ್ನಾನಕ್ಕೆ, ವುಝೂ ಮಾಡಲು ಹಿಡಿದಿಟ್ಟ ನೀರೇ ಅದರ ತೊಟ್ಟಿಲು. ಮೂರು ನಾಲ್ಕು ದಿನಗಳಿಗೊಮ್ಮೆ ನಳ್ಳಿ ನೀರು ಬರುವ ಊರುಗಳಲ್ಲಿ ಡ್ರಮ್ಮು, ಹಂಡೆ, ಸಿಮೆಂಟ್ ತೊಟ್ಟಿಗಳಲ್ಲಿ ನೀರು ಸಂಗ್ರಹಿಸುವುದು ಅನಿವಾರ್ಯ. ಅವಕ್ಕೆ ಮುಚ್ಚಳವಿಲ್ಲದಿದ್ದರೆ ಸೊಳ್ಳೆಗೆ ನಾವೇ ಜಾಗ ಕೊಟ್ಟಂತಾಯಿತು.

ಅದು ಪಾತ್ರೆಯ ಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಮೊಟ್ಟೆ ಅಂಟಿಸುತ್ತದೆ. ನೀರು ಬತ್ತಿದರೂ ಆ ಮೊಟ್ಟೆ ಸಾಯುವುದಿಲ್ಲ. ತಿಂಗಳುಗಟ್ಟಲೆ ಒಣಗಿ ಕುಳಿತಿದ್ದು, ಮತ್ತೆ ನೀರು ತಾಗಿದೊಡನೆ ಒಡೆದು ಮರಿಯಾಗುತ್ತದೆ. ಬೇಸಗೆಯಲ್ಲಿ ಕಾಣದ ಸೊಳ್ಳೆ ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹೇಗೆ ಬರುತ್ತದೆ ಎಂಬುದಕ್ಕೆ ಇದೇ ಉತ್ತರ. ಹಾಗಾಗಿ ಪಾತ್ರೆಯ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು.

ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಬೆಳಗ್ಗೆ ಸೂರ್ಯೋದಯದ ನಂತರದ ಹೊತ್ತು ಮತ್ತು ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತು ಅದಕ್ಕೆ ಪ್ರಿಯ. ಮಕ್ಕಳು ಮದ್ರಸಕ್ಕೆ ಹೋಗುವುದು, ಸಂಜೆ ಅಂಗಳದಲ್ಲಿ ಆಡುವುದು ಅದೇ ಹೊತ್ತಿನಲ್ಲಿ. ರಾತ್ರಿ ಮಾತ್ರ ಸೊಳ್ಳೆ ಬತ್ತಿ ಹಚ್ಚುವವರಿಗೆ ಇದರಿಂದ ರಕ್ಷಣೆಯಿಲ್ಲ. ಮೈ ತುಂಬ ಬಟ್ಟೆ, ಕಿಟಕಿಗೆ ಜಾಲರಿ, ಹಗಲು ಮಲಗುವ ಶಿಶುಗಳಿಗೆ, ಬಾಣಂತಿಯರಿಗೆ, ವೃದ್ಧರಿಗೆ ಹಗಲಲ್ಲೂ ಸೊಳ್ಳೆ ಪರದೆ ಬೇಕು.

ಜ್ವರ ಇಳಿದ ದಿನವೇ ಎಚ್ಚರದ ದಿನ

ಹಠಾತ್ತಾಗಿ ಏರುವ ತೀವ್ರ ಜ್ವರ, ತಲೆನೋವು, ಕಣ್ಣಿನ ಹಿಂಭಾಗದಲ್ಲಿ ನೋವು, ಮೈಕೈ ಮತ್ತು ಕೀಲುಗಳಲ್ಲಿ ಮುರಿದಂಥ ನೋವು, ವಾಕರಿಕೆ, ಕೆಲವರಿಗೆ ಮೈಮೇಲೆ ಕೆಂಪು ಗುಳ್ಳೆ. ಇವು ಡೆಂಗಿಯ ಸಾಮಾನ್ಯ ಲಕ್ಷಣಗಳು. ಜ್ವರ 2ರಿಂದ 7 ದಿನ ಇರುತ್ತದೆ. ಬಹಳಷ್ಟು ಮಂದಿ ವಿಶ್ರಾಂತಿ ಮತ್ತು ನೀರಿನಾಂಶದಿಂದಲೇ ಗುಣವಾಗುತ್ತಾರೆ.

ಆದರೆ ಈ ರೋಗದಲ್ಲೊಂದು ಮೋಸವಿದೆ. ಬೇರೆ ಜ್ವರಗಳಲ್ಲಿ ಮೈ ತಣ್ಣಗಾದರೆ ರೋಗ ಹೋಯಿತೆಂದರ್ಥ. ಡೆಂಗಿಯಲ್ಲಿ ಕೆಲವರಿಗೆ ಅಪಾಯ ಶುರುವಾಗುವುದೇ ಆಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಆ ನಂತರದ ಒಂದೆರಡು ದಿನ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರತೊಡಗಿದರೆ ರಕ್ತದೊತ್ತಡ ಕುಸಿಯುತ್ತದೆ, ಅಂಗಾಂಗಗಳಿಗೆ ರಕ್ತ ತಲುಪುವುದಿಲ್ಲ. ಡೆಂಗಿಯಲ್ಲಿ ಹೆಚ್ಚಿನ ಸಾವುಗಳು ಸಂಭವಿಸುವುದು ಹೀಗೆ.

ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನಮ್ಮ ಮಹಲ್ಲಿನ ಒಬ್ಬ ಯುವ ತಾಯಿಗೆ ಜ್ವರ ಬಂತು. ಗಂಡ ಕೊಲ್ಲಿಯಲ್ಲಿ. ನಾಲ್ಕನೇ ದಿನ ಜ್ವರ ಬಿಟ್ಟಿತು. ಮನೆಯವರಿಗೆಲ್ಲ ಸಮಾಧಾನ. ಆಕೆ ಎದ್ದು ಅಡುಗೆ ಮನೆಗೆ ಹೋದರು. ಮಧ್ಯಾಹ್ನ ಹೊಟ್ಟೆನೋವು ಬಂದಾಗ ಗ್ಯಾಸ್ಟ್ರಿಕ್ ಎಂದುಕೊಂಡರು. ಮೂರು ಸಲ ವಾಂತಿಯಾಯಿತು. ರಾತ್ರಿ ಗಂಡನ ಫೋನ್ ಬರಲಿ, ಅವರನ್ನು ಕೇಳಿ ಆಸ್ಪತ್ರೆಗೆ ಹೋಗೋಣವೆಂದು ಕಾದರು. ಫೋನ್ ಬರುವ ಹೊತ್ತಿಗೆ ಕೈಕಾಲು ತಣ್ಣಗಾಗಿದ್ದವು. ಮರುದಿನ ಅಸರ್ ಬಳಿಕ ನಾವು ಆಕೆಯ ಜನಾಝ ನಮಾಝ್ ನಿರ್ವಹಿಸಿದೆವು. ಮುಂದಿನ ಸಾಲಿನಲ್ಲಿ ಆರು ವರ್ಷದ ಮಗ ಅಜ್ಜನ ಕೈ ಹಿಡಿದು ನಿಂತಿದ್ದ.

ವಿಧಿಯ ಮೇಲಿನ ವಿಶ್ವಾಸ ಈಮಾನಿನ ಭಾಗ. ಆ ಕುಟುಂಬಕ್ಕೆ ನಾವು ಅದನ್ನೇ ಹೇಳಿ ಸಾಂತ್ವನ ನೀಡಿದೆವು. ಆದರೆ ಇಂದು ಬದುಕಿರುವವರಿಗೆ ಹೇಳಬೇಕಾದ ಮಾತು ಬೇರೆಯಿದೆ. ಜ್ವರ ಇಳಿದ ಬಳಿಕ ಈ ಕೆಳಗಿನ ಯಾವುದಾದರೂ ಒಂದು ಚಿಹ್ನೆ ಕಂಡರೂ ಯಾರ ಅನುಮತಿಗೂ ಕಾಯದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು:

• ಹೊಟ್ಟೆಯಲ್ಲಿ ತೀವ್ರ ನೋವು
• ನಿಲ್ಲದ ವಾಂತಿ
• ಮೂಗು, ವಸಡಿನಲ್ಲಿ ರಕ್ತ. ವಾಂತಿಯಲ್ಲಿ ರಕ್ತ ಅಥವಾ ಕಪ್ಪು ಬಣ್ಣದ ಮಲ
• ಸ್ತ್ರೀಯರಿಗೆ ಅಕಾಲಿಕ ಅಥವಾ ಅತಿಯಾದ ರಕ್ತಸ್ರಾವ
• ಕೈಕಾಲು ತಣ್ಣಗಾಗಿ ಬೆವರುವುದು, ಏದುಸಿರು
• ವಿಪರೀತ ಸುಸ್ತು, ಚಡಪಡಿಕೆ, ಮಗು ಮಂಕಾಗಿ ಮಲಗಿಯೇ ಇರುವುದು
• ಆರು ಗಂಟೆ ಕಳೆದರೂ ಮೂತ್ರ ಬಾರದಿರುವುದು

ಕೊಲ್ಲಿಯಲ್ಲಿರುವ ಸಹೋದರರಿಗೆ ನಮ್ಮದೊಂದು ವಿನಂತಿ. ಈ ಪತ್ರಿಕೆ ನಿಮ್ಮ ಕೈಗೆ ತಲುಪಿದರೆ ಇಂದೇ ಮನೆಗೆ ಫೋನ್ ಮಾಡಿ, "ನನ್ನನ್ನು ಕೇಳಲು ಕಾಯಬೇಡ, ಮೊದಲು ಆಸ್ಪತ್ರೆಗೆ ಹೋಗು, ಆಮೇಲೆ ತಿಳಿಸು" ಎಂದು ಹೇಳಿಡಿ. ಮನೆಯಲ್ಲಿರುವ ಅತ್ತೆ ಮಾವಂದಿರಿಗೂ ಅದನ್ನೇ ಹೇಳಿ. ಮನೆಯೊಡತಿ ಜ್ವರವಿದ್ದರೂ ಒಲೆಯ ಮುಂದೆ ನಿಂತಿರುವುದನ್ನು ನಾವು ಆಕೆಯ ಸಹನೆಯೆಂದು ಹೊಗಳುವುದನ್ನು ಬಿಡೋಣ. ಒಂದು ವಾರ ಗಂಡಸರು ಗಂಜಿ ಬೇಯಿಸಲಿ. ಪ್ರವಾದಿ(ಸ)ರು ಮನೆಯ ಕೆಲಸಗಳಲ್ಲಿ ಪತ್ನಿಯರಿಗೆ ನೆರವಾಗುತ್ತಿದ್ದರೆಂಬುದು ನಮಗೆ ತಿಳಿದಿರುವ ವಿಷಯವೇ.

ಏನು ಮಾಡಬೇಕು, ಏನು ಮಾಡಬಾರದು

ಜ್ವರ ಬಂದೊಡನೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮೊದಲ ಐದು ದಿನಗಳಲ್ಲಿ ಎನ್‌ಎಸ್1 ಪರೀಕ್ಷೆ, ಆ ನಂತರ ಐಜಿಎಂ ಪರೀಕ್ಷೆ ಮಾಡುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಡೆಂಗಿ ವೈರಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ಚಿಕಿತ್ಸೆಯೆಂದರೆ ಮುಖ್ಯವಾಗಿ ನೀರಿನಾಂಶ ಮತ್ತು ನಿಗಾ. ಓಆರ್‌ಎಸ್, ಗಂಜಿ ತಿಳಿ, ಎಳನೀರು, ಹಣ್ಣಿನ ರಸ, ಮಜ್ಜಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕೊಡಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಕ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಮೆಡಿಕಲ್ ಅಂಗಡಿಯಲ್ಲಿ "ಮೈಕೈ ನೋವಿಗೆ ಏನಾದರೂ ಕೊಡಿ" ಎಂದು ಕೇಳಿ ತರಬೇಡಿ. ಹೃದಯದ ಕಾಯಿಲೆಗಾಗಿ ಆಸ್ಪಿರಿನ್ ಸೇವಿಸುವವರು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಬೇಗ ಗುಣವಾಗಲೆಂದು ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವುದೂ ಸಲ್ಲದು. ಮಾಂಸಖಂಡದೊಳಗೆ ರಕ್ತ ಹೆಪ್ಪುಗಟ್ಟಬಹುದು.

ನಮ್ಮವರು ವಿಶೇಷವಾಗಿ ಗಮನಿಸಬೇಕಾದ ವಿಷಯ ಹಿಜಾಮ. ಹಿಜಾಮಕ್ಕೆ ಸುನ್ನತ್ತಿನಲ್ಲಿ ಸ್ಥಾನವಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಡೆಂಗಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗಿರುತ್ತವೆ. ಆಗ ಚರ್ಮ ಗೀರಿ ರಕ್ತ ತೆಗೆಯುವುದು ಅಪಾಯಕಾರಿ. ಜ್ವರದ ದಿನಗಳಲ್ಲಿ ಹಿಜಾಮ ಬೇಡ. ಜ್ವರವಿರುವವರು ಬಂದರೆ ಹಿಜಾಮ ಮಾಡುವವರೇ ಅವರನ್ನು ಆಸ್ಪತ್ರೆಗೆ ಕಳುಹಿಸಬೇಕು.

ಪ್ಲೇಟ್‌ಲೆಟ್ ಬಗ್ಗೆ ಇರುವ ಭಯವೂ ಅತಿಯಾಗಿದೆ. ಆರೋಗ್ಯವಂತರಲ್ಲಿ ಇದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ಎಂಬತ್ತು ಸಾವಿರಕ್ಕೆ ಇಳಿಯಿತೆಂದರೆ ಮನೆಯವರು ರಕ್ತದಾನಿಗಳನ್ನು ಹುಡುಕಿ ಮೊಬೈಲ್ ಗುಂಪುಗಳಲ್ಲಿ ಸಂದೇಶ ಹರಿಯಬಿಡುತ್ತಾರೆ. ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ ಹತ್ತು ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯವಿರುವುದಿಲ್ಲ. ಗುಣವಾಗುತ್ತಿದ್ದಂತೆ ಅದು ತಾನಾಗಿ ಏರುತ್ತದೆ. ವೈದ್ಯರು ಈ ಒಂದು ಸಂಖ್ಯೆಯ ಜೊತೆ ರಕ್ತದ ಸಾಂದ್ರತೆ, ರಕ್ತದೊತ್ತಡ, ಮೂತ್ರದ ಪ್ರಮಾಣವನ್ನೂ ನೋಡುತ್ತಾರೆ. ಪಪ್ಪಾಯಿ ಎಲೆಯ ರಸವನ್ನೇ ನಂಬಿ ಆಸ್ಪತ್ರೆಗೆ ಹೋಗದಿರುವುದು ಅಪಾಯ. ವಾಂತಿಯಾಗುತ್ತಿರುವವರಿಗೆ ಆ ಕಹಿ ರಸವನ್ನು ಒತ್ತಾಯದಿಂದ ಕುಡಿಸುವುದರಿಂದ ವಾಂತಿ ಇನ್ನಷ್ಟು ಹೆಚ್ಚಬಹುದು.

ರೋಗಿಯನ್ನು ಜ್ವರದ ದಿನಗಳಲ್ಲಿ ಹಗಲು ಹೊತ್ತಿನಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಬೇಕು. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಮನೆಯ ಉಳಿದವರನ್ನು ಕಚ್ಚುವುದು. ಪರದೆ ಬೇಕಾಗಿರುವುದು ರೋಗಿಗಿಂತ ಹೆಚ್ಚಾಗಿ ಸುತ್ತಲಿನವರ ರಕ್ಷಣೆಗೆ.

ಉಪವಾಸ, ನಮಾಝ್ ಮತ್ತು ರೋಗಿ

ಡೆಂಗಿ ಬಂದವರಿಗೆ ನೀರೇ ಔಷಧ. ಹಾಗಿರುವಾಗ ಉಪವಾಸ ಹಿಡಿಯುವ ಹಟ ಸಲ್ಲದು. ರಮಝಾನಿನಲ್ಲೂ ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ರಿಯಾಯಿತಿಯನ್ನು ಕುರ್‌ಆನ್ ಸ್ಪಷ್ಟವಾಗಿ ನೀಡಿದೆ. ಸುನ್ನತ್ ಉಪವಾಸಗಳ ಬಗ್ಗೆ ಹೇಳಬೇಕಾದದ್ದೇ ಇಲ್ಲ. ಎದ್ದು ನಿಂತರೆ ತಲೆ ಸುತ್ತುವವರು ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ನಿರ್ವಹಿಸಲಿ. ನೀರು ತಾಗಿದರೆ ತೊಂದರೆಯಾಗುವುದೆಂದು ವೈದ್ಯರು ಹೇಳಿದರೆ ತಯಮ್ಮುಮ್ ಇದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದೂ ಅನುಸರಣೆಯೇ.

ಮಂತ್ರಿಸಿದ ನೀರಿಗಾಗಿ, ದುಆಕ್ಕಾಗಿ ಜನರು ನಮ್ಮ ಬಳಿಗೆ ಬರುತ್ತಾರೆ. ಬರಲಿ. ಆದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಬರಲಿ, ಆಸ್ಪತ್ರೆಯ ಬದಲಿಗೆ ಬರುವುದು ಬೇಡ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಪರಿಹಾರವನ್ನಿಟ್ಟಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ)ರ ಬೋಧನೆ. ಖಲೀಫ ಉಮರ್(ರ) ಶಾಮ್ ಪ್ರದೇಶಕ್ಕೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದು ಸರ್ಗ್ ಎಂಬಲ್ಲಿಂದ ಹಿಂದಿರುಗಿದರು. ಇದು ವಿಧಿಯಿಂದ ಪಲಾಯನವಲ್ಲವೇ ಎಂದು ಅಬೂ ಉಬೈದ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಸಾಗುತ್ತಿದ್ದೇವೆಂಬುದು ಅವರ ಉತ್ತರವಾಗಿತ್ತು. ಸೊಳ್ಳೆ ಪರದೆ ಕಟ್ಟುವುದು, ಡ್ರಮ್ಮಿಗೆ ಮುಚ್ಚಳ ಹಾಕುವುದು, ರೋಗಿಯನ್ನು ವೈದ್ಯರ ಬಳಿಗೆ ಒಯ್ಯುವುದು ಎಲ್ಲವೂ ಅದೇ ದಾರಿಯ ಕೆಲಸಗಳು.

ಶುಕ್ರವಾರದ ಹತ್ತು ನಿಮಿಷ

ಮೊಟ್ಟೆ ಒಡೆದು, ಹುಳವಾಗಿ, ರೆಕ್ಕೆ ಬಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಶುಕ್ರವಾರ ಬರುವುದು ಏಳು ದಿನಗಳಿಗೊಮ್ಮೆ. ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ ಪಾತ್ರೆ ಉಜ್ಜಿದರೆ ರೆಕ್ಕೆ ಬರುವ ಮೊದಲೇ ಹುಳ ಸಾಯುತ್ತದೆ. ಜುಮುಅ ದಿನ ಸ್ನಾನ ಮಾಡುತ್ತೇವೆ, ಉಗುರು ಕತ್ತರಿಸುತ್ತೇವೆ, ಶುಭ್ರ ಬಟ್ಟೆ ತೊಡುತ್ತೇವೆ. ಆ ಸ್ನಾನಕ್ಕೆ ಮುಂಚೆ ಹತ್ತು ನಿಮಿಷ ಮನೆಯ ಸುತ್ತ ಒಂದು ಸುತ್ತು ಬರೋಣ. ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳೋಣ. ನೀರಲ್ಲಿ ಕೊಂಕುತ್ತಾ ಈಜುವ ಹುಳವನ್ನು ಅವರೇ ಮೊದಲು ಕಂಡುಹಿಡಿಯುತ್ತಾರೆ.

ಒಳಗೆ: ನೀರಿನ ಡ್ರಮ್ಮು, ಹಂಡೆ, ಫ್ರಿಜ್ಜಿನ ಹಿಂಬದಿಯ ತಟ್ಟೆ, ಕೂಲರ್, ಬಾಟಲಿಯಲ್ಲಿ ನೆಟ್ಟ ಮನಿಪ್ಲಾಂಟ್, ಹೂಕುಂಡದ ಕೆಳಗಿನ ತಟ್ಟೆ, ಬಳಸದ ಶೌಚಾಲಯ.

ಹೊರಗೆ: ತೆಂಗಿನ ಗೆರಟೆ, ಬಿದ್ದ ಅಡಿಕೆ ಹಾಳೆ, ಟಾರ್ಪಾಲಿನ ಮಡಿಕೆ, ಹಳೆಯ ಟಯರು, ಒಡೆದ ಬಕೆಟ್, ತಾರಸಿಯ ಮೂಲೆ, ಎಲೆ ತುಂಬಿ ಕಟ್ಟಿಕೊಂಡ ಮಳೆನೀರಿನ ದೋಣಿ, ಕೋಳಿ ಮತ್ತು ಹಕ್ಕಿಗಳಿಗೆ ನೀರಿಟ್ಟ ಪಾತ್ರೆ. ರಬ್ಬರ್ ತೋಟವಿರುವವರು ಹಾಲು ತೆಗೆಯದ ದಿನಗಳಲ್ಲಿ ಮರದ ಗೆರಟೆಗಳನ್ನು ಬೋರಲು ಹಾಕಬೇಕು.

ಚೆಲ್ಲಲಾಗದ ನೀರಿಗೆ ಬಿಗಿಯಾದ ಮುಚ್ಚಳ ಅಥವಾ ಬಟ್ಟೆ ಕಟ್ಟಬೇಕು. ರಾತ್ರಿ ಪಾತ್ರೆಗಳನ್ನು ಮುಚ್ಚಿಡಿ, ನೀರಿನ ಚರ್ಮದ ಚೀಲಗಳ ಬಾಯಿ ಕಟ್ಟಿಡಿ ಎಂದು ಪ್ರವಾದಿ(ಸ)ರು ಕಲಿಸಿದಾಗ ಅದರ ಕಾರಣವಾಗಿ ಸಾಂಕ್ರಾಮಿಕ ರೋಗವನ್ನೂ ಪ್ರಸ್ತಾಪಿಸಿದ್ದರು. ಹೊಗೆ ಹೊಡೆಸಿದರೆ ಸಾಕೆಂದು ಪಂಚಾಯತನ್ನು ಒತ್ತಾಯಿಸುವವರಿದ್ದಾರೆ. ಹೊಗೆಯು ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ನೀರಿನೊಳಗಿನ ಹುಳಕ್ಕೆ ಅದು ತಾಗುವುದಿಲ್ಲ.

ಮಸೀದಿ, ಮದ್ರಸ, ಖಬರಸ್ತಾನ

ಮನೆಗೆ ಹೇಳಿದ ಮಾತು ಜಮಾಅತಿಗೂ ಅನ್ವಯಿಸುತ್ತದೆ. ವುಝೂ ಹೌಝಿನ ನೀರು ತಿಳಿಯಾಗಿ ನಿಂತಿರುವುದರಿಂದ ಅದರಲ್ಲಿ ಹುಳ ತಿನ್ನುವ ಗಪ್ಪಿ ಮೀನುಗಳನ್ನು ಬಿಡಬೇಕು. ಮೀನಿರುವುದರಿಂದ ನೀರಿನ ಶುದ್ಧಿಗೆ ಭಂಗವಿಲ್ಲ. ಮಸೀದಿಯ ತಾರಸಿಯ ಟ್ಯಾಂಕಿಗೆ ಮುಚ್ಚಳವಿದೆಯೇ ಎಂದು ಏಣಿ ಹತ್ತಿ ನೋಡಬೇಕು. ಕಟ್ಟಡ ಕೆಲಸ ನಡೆಯುವಲ್ಲಿ ಸಿಮೆಂಟಿಗೆ ಹಿಡಿದಿಟ್ಟ ನೀರು, ಲಿಫ್ಟಿನ ಗುಂಡಿ, ಮದ್ರಸದ ಹಾಸ್ಟೆಲಿನಲ್ಲಿ ಮಕ್ಕಳ ಬಕೆಟ್‌ಗಳು, ಖಬರುಗಳ ಮೇಲೆ ನೀರು ಹೊಯ್ದು ಬಿಟ್ಟುಹೋದ ಮಣ್ಣಿನ ಕೊಡಗಳು ಇವೆಲ್ಲ ಸೊಳ್ಳೆಯ ಠಾವುಗಳು. ಮೃತರನ್ನು ಭೇಟಿ ಮಾಡಿ ಬರುವವರು ಆ ಕೊಡಗಳನ್ನು ಬೋರಲು ಹಾಕಿ ಬರಲಿ. ಹಾಸ್ಟೆಲಿನ ಮಗುವಿಗೆ ಜ್ವರ ಬಂದರೆ ಪಾಠ ತಪ್ಪಿಸಲು ನೆಪವೆಂದು ಗದರದೆ ಅಂದೇ ವೈದ್ಯರಿಗೆ ತೋರಿಸಿ ಪೋಷಕರಿಗೆ ತಿಳಿಸಬೇಕು.

ನೆರೆಯವರ ಹಕ್ಕು

ಈಡಿಸ್ ಸೊಳ್ಳೆ ಹೆಚ್ಚು ದೂರ ಹಾರುವುದಿಲ್ಲ. ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್‌ಗಳ ಒಳಗೇ ಅದರ ಬದುಕು. ನಮ್ಮ ತಾರಸಿಯಲ್ಲಿ ಹುಟ್ಟಿದ ಸೊಳ್ಳೆ ಕಚ್ಚುವುದು ನಮ್ಮ ಮಗುವನ್ನು ಅಥವಾ ನೆರೆಮನೆಯ ಮಗುವನ್ನು. ಆ ನೆರೆಮನೆಯವರು ಯಾವ ಧರ್ಮದವರೇ ಆಗಿರಲಿ, ನಮ್ಮ ಕೆಡುಕಿನಿಂದ ಸುರಕ್ಷಿತರಾಗಿರುವುದು ಅವರ ಹಕ್ಕು. ಸೊಳ್ಳೆ ಬೆಳೆಯಲು ಬಿಟ್ಟವರಿಗೆ 2024ರ ನಿಯಮದಂತೆ ನಗರದ ಮನೆಗಳಿಗೆ 400 ರೂಪಾಯಿ, ಹಳ್ಳಿಯ ಮನೆಗಳಿಗೆ 200 ರೂಪಾಯಿ ದಂಡವಿದೆ. ದಂಡ ಕಟ್ಟಿ ಮುಗಿಸಬಹುದು. ನೆರೆಯವರ ಹಕ್ಕಿನ ಲೆಕ್ಕ ಹಾಗೆ ಮುಗಿಯುವುದಿಲ್ಲ.

ಹಾಗೆಯೇ, ಹುಳ ಹುಡುಕಲು ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರನ್ನು "ಗಂಡಸರಿಲ್ಲ, ಮತ್ತೆ ಬನ್ನಿ" ಎಂದು ಗೇಟಿನಿಂದಲೇ ಕಳುಹಿಸುವವರಿದ್ದಾರೆ. ಬಂದವರು ಹೆಂಗಸರು, ಅವರನ್ನು ಒಳಗೆ ಕರೆಯಲು ಗಂಡಸರೇಕೆ ಬೇಕು? ಕುಡಿಯಲು ನೀರು ಕೊಟ್ಟು, ಡ್ರಮ್ಮು ಟ್ಯಾಂಕುಗಳನ್ನು ತೋರಿಸಿ, ಜ್ವರವಿದ್ದರೆ ಮುಚ್ಚಿಡದೆ ಹೇಳಿ. ಬಿಸಿಲು ಮಳೆಯೆನ್ನದೆ ಅವರು ನಡೆಯುವುದು ನಮ್ಮ ಮಕ್ಕಳಿಗಾಗಿ.

ಮುಂದಿನ ಶುಕ್ರವಾರ ಬೆಳಗ್ಗೆ ಪ್ರತಿಯೊಂದು ಮನೆಯಲ್ಲೂ ಈ ಹತ್ತು ನಿಮಿಷದ ಕೆಲಸ ಆರಂಭವಾಗಲಿ, ಮಳೆಗಾಲ ಮುಗಿದ ಮೇಲೂ ನಿಲ್ಲದಿರಲಿ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಈ ಜ್ವರದಲ್ಲಿ ನಮ್ಮನ್ನಗಲಿದವರಿಗೆ ಮಗ್‌ಫಿರತ್ ನೀಡಲಿ, ತಾಯಂದಿರನ್ನು ಕಳೆದುಕೊಂಡ ಮಕ್ಕಳನ್ನು ಸಲಹಲಿ, ನಮಗೂ ನಮ್ಮ ನೆರೆಹೊರೆಯವರಿಗೂ ಆರೋಗ್ಯವನ್ನು ದಯಪಾಲಿಸಲಿ. ಆಮೀನ್.